ಯಲಬುರ್ಗಾ ಬಸ್ಸಿನಲ್ಲಿ ಹೋದ ನನ್ನ ಫೈಲು

ನಮ್ಮ ಕಡೆ ಬಸ್ಸಿನ ಸೀಟು ಹಿಡಿಯುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಟವೆಲ್ಲೋ, ಕರವಸ್ತ್ರವೋ, ಕೈಚೀಲವೋ ಕಿಟಕಿಯೊಳಗೆ ತೂರಿ ಸೀಟಿನ ಮೇಲೆ ಬಿದ್ದಿರಬೇಕು. ಬಿದ್ದರೆ ಆ ಸೀಟು ನಿಮ್ಮದು. ಬಾಗಿಲಲ್ಲಿ ಗುದ್ದಾಡಿ ಒಳಗೆ ಬರುವಷ್ಟರಲ್ಲಿ ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಜಗಳ ತೆಗೆಯುವ ಹಕ್ಕು ನಿಮಗಿದೆ. ಉಳಿದ ಮಂದಿಯೂ ನಿಮ್ಮ ಕಡೆಗೇ ಮಾತಾಡುತ್ತಾರೆ. ಇದು ಯಾವ ಸರ್ಕಾರವೂ ಮಾಡಿದ ಕಾನೂನಲ್ಲ. ಆದರೆ ಇದರಷ್ಟು ಸರಿಯಾಗಿ ನಡೆಯುವ ಕಾನೂನನ್ನು ನಾನು ಇನ್ನೂ ನೋಡಿಲ್ಲ.

ಆ ಬೆಳಿಗ್ಗೆ ಗಂಗಾವತಿ ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗಾಗಿ ನಿಂತಿದ್ದ ನನ್ನ ಕೈಯಲ್ಲಿ ಕರವಸ್ತ್ರ ಇರಲಿಲ್ಲ. ನೀಲಿ ಪ್ಲಾಸ್ಟಿಕ್ಕಿನ ಫೈಲು ಇತ್ತು. ಬಸ್ಸು ಬಂತು, ಮಂದಿ ಓಡಿದರು, ನಾನೂ ಓಡಿ ಡ್ರೈವರನ ಹಿಂದಿನ ಮೂರನೇ ಕಿಟಕಿಯಲ್ಲಿ ಫೈಲನ್ನೇ ತೂರಿಸಿದೆ. ಅದರೊಳಗೆ ನನ್ನ ಎಲ್ಲ ಅಂಕಪಟ್ಟಿಗಳು ಇದ್ದವು, ಅದೂ ಅಸಲಿ. ಝೆರಾಕ್ಸ್ ತೋರಿಸಿದರೆ ಯಾರು ನಂಬುತ್ತಾರೆ ಎಂದು ಅಪ್ಪನೇ ಅಸಲಿ ಇಟ್ಟು ಕಳಿಸಿದ್ದ.

ಎಲ್ಲಿಗೆ ಹೊರಟಿದ್ದೆ ಎಂಬುದನ್ನು ಮೊದಲು ಹೇಳಬೇಕು. ನಾನು ಓದುತ್ತಿದ್ದದ್ದು ಆಹಾರ ತಂತ್ರಜ್ಞಾನ, ಬೇರೆ ಜಿಲ್ಲೆಯ ಕಾಲೇಜಿನಲ್ಲಿ. ಕೊನೆಯ ಸೆಮಿಸ್ಟರ್‌ನಲ್ಲಿ ಎರಡು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕು. "ಅದನ್ನ ಕಾಲೇಜು ಹುಡುಕಿಕೊಡಂಗಿಲ್ಲ. ನೀವ ಮುಂದಾಗಿ ಕೇಳ್ರಿ, ನೆಟ್‌ವರ್ಕಿಂಗ್ ಮಾಡ್ರಿ" ಎಂದು ಮೇಷ್ಟ್ರು ಹೇಳಿ ಕೈತೊಳೆದುಕೊಂಡಿದ್ದರು. ತಿಂಗಳು ಮುಗಿಯುವುದರೊಳಗೆ ಯಾರಾದರೂ ಸಹಿ ಮಾಡಿ ಮುದ್ರೆ ಒತ್ತಿದ ಒಪ್ಪಿಗೆ ಪತ್ರ ಒಯ್ದು ಕೊಡದಿದ್ದರೆ ಆ ವರ್ಷ ಹೋದಂತೆಯೇ.

ಹೋದರೆ ನನ್ನದೊಂದೇ ವರ್ಷ ಹೋಗುತ್ತಿರಲಿಲ್ಲ. ನನ್ನ ಹಿಂದೆ ತಂಗಿ ಕಾಯುತ್ತಿದ್ದಳು. ಪಿಯುಸಿ ಮುಗಿಸಿ ಆಗಲೇ ಮನೆಯಲ್ಲಿ ಕೂತಿದ್ದಳು. ಅವಳಿಗೆ ನರ್ಸಿಂಗ್ ಓದುವ ಆಸೆ. ಇಬ್ಬರನ್ನೂ ಒಟ್ಟಿಗೆ ಹಾಸ್ಟೆಲಿನಲ್ಲಿ ಇಡುವುದು ತನ್ನಿಂದಾಗದು, ಅಕ್ಕ ಮುಗಿಸಿ ಬರಲಿ, ಆಮೇಲೆ ತಂಗಿ ಹೋಗಲಿ ಎಂದು ಅಪ್ಪ ಮೊದಲೇ ಹೇಳಿದ್ದ. ನಾನು ಒಂದು ವರ್ಷ ತಡ ಮಾಡಿದರೆ ಅವಳು ಇನ್ನೊಂದು ವರ್ಷ ಕೂರಬೇಕು. ಅಷ್ಟು ದಿನ ಮನೆಯಲ್ಲಿ ಕೂತ ಹುಡುಗಿಯನ್ನು ನಮ್ಮ ಮಂದಿ ಓದಲು ಕಳಿಸುವುದಿಲ್ಲ, ಗಂಡು ಹುಡುಕುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮ್ಮದು ಗಾದಿ ಮಾಡುವ ಮನೆತನ. ಮುಸಲ್ಮಾನರಾದರೂ ಮನೆಯಲ್ಲಿ ಆಡುವುದು ಕನ್ನಡವೇ. ಅಜ್ಜ ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದನಂತೆ, ಅಪ್ಪ ಮಷೀನು ಇಟ್ಟುಕೊಂಡಿದ್ದಾನೆ. ಗಂಗಾವತಿಯಲ್ಲಿ ಯಾರ ಮನೆಯಲ್ಲಿ ಯಾರು ಎಂಥ ಗಾದಿಯ ಮೇಲೆ ಮಲಗುತ್ತಾರೆ ಎಂಬುದು ಅಪ್ಪನಿಗೆ ಗೊತ್ತು. ಮೇಷ್ಟ್ರು ಹೇಳಿದ್ದನ್ನು ನಾನು ಅಪ್ಪನಿಗೆ ಹೇಳಿದಾಗ ಅಪ್ಪ ಖುಷಿಯಾಗಿಬಿಟ್ಟ.

"ನೆಟ್‌ವರ್ಕಿಂಗ್ ಅಂದ್ರ ಗುರ್ತು ಇಟ್ಕೊಳ್ಳೂದಲ್ಲೇನು? ಅದೇನು ದೊಡ್ಡ ಮಾತು. ಮಿಲ್ಲಿನ ಸಾವ್ಕಾರ್ರ ಮಗಳ ಲಗ್ನದ ಗಾದಿ ನಾನ ಮಾಡಿಕೊಟ್ಟೀನಿ. ನಡಿ, ನಾ ಬರ್ತೀನಿ" ಎಂದ.

ಹೋದೆವು. ಅಕ್ಕಿ ಮಿಲ್ಲಿನ ಸಾಹುಕಾರರು ಅಪ್ಪನನ್ನು ಬಾಯಿ ತುಂಬಾ ಮಾತಾಡಿಸಿದರು. ಅಳಿಯ ಈಗಲೂ ಆ ಗಾದಿ ಬಿಟ್ಟು ಬೇರೆ ಕಡೆ ಮಲಗುವುದಿಲ್ಲ ಎಂದರು. ಚಹಾ ತರಿಸಿದರು. ಅಪ್ಪ ನನ್ನ ವಿಷಯ ಹೇಳಿದ. ಚಹಾ ಮುಗಿಯುವವರೆಗೆ ತಲೆ ಆಡಿಸಿ, ಕಪ್ಪು ಕೆಳಗಿಟ್ಟ ಮೇಲೆ "ನೋಡೂಣಂತ. ಫೋನ್ ಮಾಡಿ ಹೇಳ್ತೀವಿ" ಎಂದರು. ಎರಡನೇ ಮಿಲ್ಲಿನಲ್ಲೂ ಚಹಾ, ನೋಡೋಣ, ಫೋನು. ಮೂರನೆಯವರು ಚಹಾದ ಜೊತೆ ಬಿಸ್ಕಿಟ್ಟೂ ಕೊಟ್ಟು, "ಹಮಾಲ್ರು, ಲಾರಿ, ಧೂಳು… ಹೆಣ್ಮಕ್ಕಳಿಗೆ ಆಗೂ ಜಾಗಾ ಅಲ್ಲಿದು. ಆದ್ರೂ ನೋಡೂಣಂತ" ಎಂದರು. ಯಾರ ಫೋನೂ ಬರಲಿಲ್ಲ.

ಅಪ್ಪ ಪ್ರತಿ ಸಲ ಹೊರಗೆ ಬಂದು "ಎಷ್ಟು ಛಲೋ ಮಾತಾಡ್ಸಿದ್ರು ನೋಡು" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಕಡೆ ಮುಖದ ಮೇಲೆ ಇಲ್ಲ ಎನ್ನುವುದು ಮರ್ಯಾದಸ್ತರ ಕೆಲಸವಲ್ಲ, ಅದಕ್ಕೇ ಚಹಾ ಕೊಡುತ್ತಾರೆ. ಚಹಾ ಕುಡಿದವನು ಎದ್ದು ಹೋಗಲೇಬೇಕು, ಮತ್ತೆ ಕೇಳುವಂತಿಲ್ಲ. ಮೂರನೇ ಕಪ್ಪಿಗೆ ನನಗೆ ಇದು ಅರ್ಥವಾಯಿತು.

ಅಷ್ಟೂ ಕಡೆ ನಾನು ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ನನ್ನ ಬಾಯಿಗೆ ಹೆದರಿ ಬೆಕ್ಕು ಸಹ ಒಲೆಯ ಹತ್ತಿರ ಸುಳಿಯುವುದಿಲ್ಲ. ಆದರೆ ಮೇಜಿನ ಆಚೆ ಯಾರಾದರೂ ಕೂತಿದ್ದರೆ ನನ್ನ ನಾಲಗೆ ಒಣಗಿ ಹೋಗುತ್ತಿತ್ತು. ಕುಷ್ಟಗಿ ಕಡೆ ದಾಳಿಂಬೆ ತೊಳೆದು, ಆರಿಸಿ, ಡಬ್ಬಿಗೆ ತುಂಬುವ ಶೆಡ್ಡುಗಳಿವೆ ಎಂದು ಗೊತ್ತಿತ್ತು. ಅಲ್ಲಿ ಅಪ್ಪನ ಗಾದಿಯ ಮೇಲೆ ಯಾರೂ ಮಲಗಿರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಒಬ್ಬಳೇ ಹೋಗಿ ಬರುತ್ತೇನೆಂದು ಹೊರಟದ್ದು ಹೀಗೆ.

ಈಗ ಬಸ್ಸಿಗೆ ಬರುತ್ತೇನೆ. ಗುದ್ದಾಡಿ ಒಳಗೆ ಹೋಗಿ ನೋಡಿದರೆ ಮೂರನೇ ಕಿಟಕಿಯ ಸೀಟಿನಲ್ಲಿ ಒಬ್ಬ ಮುದುಕಿ ಆರಾಮಾಗಿ ಕೂತಿದ್ದಳು.

"ಆಯೀ, ಇಲ್ಲಿ ನನ್ನ ಫೈಲ್ ಇತ್ತು. ಸೀಟು ಹಿಡದಿದ್ದೆ" ಎಂದೆ.

"ಇಲ್ಲೇನಿಲ್ಲವಾ."

"ಮ್ಯಾಲ ಕುಂತಿರಬೇಕು, ಒಂಚೂರು ಏಳ್ರಿ."

ಮುದುಕಿ ಎದ್ದು, ಸೀರೆ ಝಾಡಿಸಿ, ಸೀಟಿನ ಕೆಳಗೂ ಬಗ್ಗಿ ನೋಡಿ, "ನಾನೇನು ಫೈಲಿನ ಮ್ಯಾಲ ಕಾವು ಕುಂತೀನೇನು?" ಎಂದಳು. ಬಸ್ಸಿನಲ್ಲಿದ್ದವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಇನ್ನೇನೋ ಹೇಳಬೇಕೆಂದು ಬಾಯಿ ತೆರೆದವಳು ಕಿಟಕಿಯಾಚೆ ನೋಡಿದೆ. ನಮ್ಮ ಬಸ್ಸಿನ ಮುಂದೆ ನಿಂತಿದ್ದ ಇನ್ನೊಂದು ಬಸ್ಸು ನಿಲ್ದಾಣದಿಂದ ಹೊರಗೆ ತಿರುಗುತ್ತಿತ್ತು. ಬೋರ್ಡಿನ ಮೇಲೆ ಯಲಬುರ್ಗಾ ಎಂದಿತ್ತು. ಮೂರನೇ ಕಿಟಕಿಯ ಸರಳಿಗೆ ನನ್ನ ನೀಲಿ ಫೈಲಿನ ಮೂಲೆ ತಾಗಿಕೊಂಡಿತ್ತು.

ಎರಡು ಬಸ್ಸು ಒಂದರ ಹಿಂದೆ ಒಂದು ಬಂದಿದ್ದವು. ನಾನು ಫೈಲು ಹಾಕಿದ್ದು ಮುಂದಿನದಕ್ಕೆ, ಮಂದಿ ತಳ್ಳಿಕೊಂಡು ಬಂದು ಹತ್ತಿಸಿದ್ದು ಹಿಂದಿನದಕ್ಕೆ. ಇಳಿದು ಓಡಿದೆ. ಬಸ್ಸಿನ ಹೊಗೆ ಮಾತ್ರ ಸಿಕ್ಕಿತು. ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಇಂಟರ್ನ್‌ಶಿಪ್ಪು ಹಾಳಾಗಲಿ, ನಾಲ್ಕು ವರ್ಷ ಓದಿದ್ದಕ್ಕೆ ಇದ್ದ ಪುರಾವೆಯೇ ಹೋಯಿತಲ್ಲ ಅನ್ನಿಸಿತು. ಮನೆಗೆ ಹೋಗಿ ತಂಗಿಯ ಮುಖ ಹೇಗೆ ನೋಡುವುದು ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು.

ಅಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು, ಹೆಂಗಸಿನ ದನಿ, ಹಿಂದೆ ಬಸ್ಸಿನ ಗದ್ದಲ.

"ಯಾರವಾ ನೀನು, ಎಲ್ಲಿ ಅದಿ? ಇಲ್ಲಿ ನಿನ್ನ ಸೀಟು ಖಾಲಿ ಐತಿ."

"ಯಾವ ಸೀಟ್ರಿ?"

"ಫೈಲ್ ಒಗದು ಸೀಟು ಹಿಡದಿಯಲ್ಲ, ಅದ. ಮಂದಿ ನಿಂತು ಹೊಂಟಾರ, ನಾ ಯಾರಿಗೂ ಕುಂದ್ರಾಕ ಬಿಟ್ಟಿಲ್ಲ. ಹಿಂದ ಬಾಗಲದಾಗ ಸಿಕ್ಕೊಂಡಿಯೇನು?"

"ಅಕ್ಕಾರ, ನಾ ಇನ್ನೂ ಗಂಗಾವತ್ಯಾಗ ಅದೀನ್ರಿ" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು.

ಆಕೆ ಫೋನು ದೂರ ಹಿಡಿದು ಬಸ್ಸಿಗೆಲ್ಲ ಕೇಳುವಂತೆ, "ಹುಡುಗಿ ಗಂಗಾವತ್ಯಾಗ ಉಳದಾಳಂತ. ಕುಂದರ್ರಿ ಇನ್ನ ಯಾರರ" ಎಂದದ್ದು ಕೇಳಿಸಿತು. ಊರು ದಾಟಿ ಎಷ್ಟೋ ದೂರ ನನ್ನ ಸೀಟು ನನಗಾಗಿ ಖಾಲಿ ಹೋಗಿತ್ತು. ಅಳುತ್ತಿದ್ದವಳಿಗೆ ನಗು ಬಂತು. ಫೈಲಿನೊಳಗಿನ ನನ್ನ ಪರಿಚಯ ಪತ್ರದಲ್ಲಿ ಫೋನ್ ನಂಬರು ಇತ್ತು ಎಂಬುದು ನನಗೆ ಆಗ ನೆನಪಾಯಿತು.

ಆಕೆ ಆಶಾ ಕಾರ್ಯಕರ್ತೆ, ಯಲಬುರ್ಗಾದಲ್ಲಿ ಯಾವುದೋ ಮೀಟಿಂಗಿಗೆ ಹೊರಟವರು. ಅಲ್ಲಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಫೈಲು ಕೊಟ್ಟಿರುತ್ತೇನೆ, ಬಂದು ತೆಗೆದುಕೋ ಎಂದರು. ನಾನು ಕೊಪ್ಪಳದ ಬಸ್ಸು ಹತ್ತಿದೆ, ಅಲ್ಲಿಂದ ಯಲಬುರ್ಗಾಕ್ಕೆ. ಕೊಪ್ಪಳ ಮುಟ್ಟುವ ಹೊತ್ತಿಗೆ ಆಕೆಯ ಫೋನು ಮತ್ತೆ ಬಂತು.

"ತಂಗೀ, ದಾರಿ ಬ್ಯಾಸರಾತು, ನಿನ್ನ ಫೈಲ್ ಪೂರ್ತಿ ಓದಿದೆ. ಮಾರ್ಕ್ಸ್ ಛಲೋ ಅದಾವ. ಗಣಿತದಾಗ ಒಂದ ಯಾಕ ಹಂಗ ಬಿದ್ದಾವ?"

"ಆ ಸಲ ಜ್ವರ ಬಂದಿತ್ರಿ" ಎಂದೆ. ಬಂದಿರಲಿಲ್ಲ.

"ಇರಲಿ. ಎರಡು ತಿಂಗಳು ಕೆಲಸಕ್ಕ ಇಟ್ಕೊಳ್ರಿ ಅಂತ ಕಾಲೇಜಿನವರು ಕಾಗದ ಕೊಟ್ಟಾರಲ್ಲ. ಇಟ್ಕೊಂಡ್ರೇನು ಯಾರರ?"

"ಇನ್ನೂ ಇಲ್ರಿ. ಮೂರು ಕಡೆ ಕೇಳೇವಿ."

"ಯಾರು ಕೇಳಿದವರು?"

"ನಮ್ಮಪ್ಪ ಕೇಳಿದ್ನ್ರಿ."

"ಕೆಲಸ ಮಾಡಾಕಿ ನೀನೋ, ನಿಮ್ಮಪ್ಪನೋ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಖ ನೋಡಿಲ್ಲ, ಮಾತಾಡಿ ಎರಡು ತಾಸಾಗಿಲ್ಲ, ನನ್ನ ಅಂಕ ಎಣಿಸುತ್ತಾರೆ, ಮೇಲೆ ಈ ಮಾತು. ಫೋನು ಇಟ್ಟ ಮೇಲೆ ಕುಕನೂರು ದಾಟುವವರೆಗೂ ಆಕೆಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ಕೂತೆ. ಒಂದಕ್ಕಿಂತ ಒಂದು ಖಡಕ್ ಉತ್ತರಗಳು ಹೊಳೆದವು. ಆದರೆ ಯಾವುದೂ ಆ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಕಳೆದ ಫೈಲನ್ನು ಕೇಳಲು ಗೊತ್ತಿಲ್ಲದ ಊರಿಗೆ ನಾನೇ ಹೊರಟಿದ್ದೆ, ಅದಕ್ಕೆ ನಾಚಿಕೆಯಾಗಿರಲಿಲ್ಲ. ಕೆಲಸ ಕೇಳುವುದಕ್ಕೆ ಮಾತ್ರ ಯಾಕೆ ನಾಲಗೆ ಒಣಗಬೇಕು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಯಲಬುರ್ಗಾದ ಚಹಾದಂಗಡಿಯಲ್ಲಿ ಫೈಲು ಬಿಸ್ಕಿಟ್ ಬರಣಿಗಳ ಮೇಲೆ, ಎಣ್ಣೆ ತಾಗದಂತೆ ಪೇಪರು ಸುತ್ತಿ ಇಟ್ಟಿತ್ತು. ಬಿಚ್ಚಿ ಒಂದೊಂದೇ ಹಾಳೆ ನೋಡಿದೆ. ಎಲ್ಲವೂ ಇದ್ದವು. ಅಲ್ಲಾಹ್, ನಿನ್ನ ಉಪಕಾರ ಎಂದು ಫೈಲನ್ನು ಎದೆಗೆ ಅವಚಿಕೊಂಡೆ.

ಅಂಗಡಿಯವರು ನಡುವಯಸ್ಸು ದಾಟಿದವರು. ಹಣೆಗೆ ವಿಭೂತಿ, ಹೆಗಲ ಮೇಲೆ ಟವೆಲ್ಲು. "ಫುಡ್ ಟೆಕ್ನಾಲಜಿ ಅಂದ್ರ ಏನವಾ? ಅಡಗಿ ಕಲಿಸ್ತಾರೇನು?" ಎಂದು ಕೇಳಿದರು. ಅವರೂ ನನ್ನ ಫೈಲು ಓದಿದ್ದರು ಎಂದಾಯಿತು. ಬೆಂಚಿನ ಮೇಲೆ ಕೂತವರೊಬ್ಬರು "ಅಡಗಿ ಕಲಿಯಾಕ ಅಷ್ಟು ಗಣಿತ ಯಾಕ ಬೇಕೋ" ಎಂದರು. ಅವರೂ ಓದಿದ್ದರು. ನನ್ನದೆಂದು ಮುಚ್ಚಿಡುವುದು ಆ ಅಂಗಡಿಯಲ್ಲಿ ಏನೂ ಉಳಿದಿರಲಿಲ್ಲ. ಅದರಿಂದಲೇ ಏನೋ, ನಾಚಿಕೆಯೂ ಉಳಿಯಲಿಲ್ಲ.

"ಕಾಕಾ, ಅಡಗಿ ಅಲ್ರಿ. ಹಣ್ಣು, ಕಾಳು, ಹಾಲು ಕೆಡಲಾರದಂಗ ಹೆಂಗ ಇಡೂದು ಅನ್ನೂದು. ನನಗ ಎರಡು ತಿಂಗಳು ಎಲ್ಲೆರೆ ಕೆಲಸ ಮಾಡಿ ಕಲೀಬೇಕಾಗೈತಿ. ಪಗಾರ ಬ್ಯಾಡ. ಈ ತಿಂಗಳದಾಗ ಸಿಗದಿದ್ರ ನಂದೂ ವರ್ಷ ಹೋಗ್ತೈತಿ, ನನ್ನ ತಂಗೀದೂ ಹೋಗ್ತೈತಿ. ದಾಳಿಂಬ್ರಿ ಶೆಡ್ ಇದ್ದಾವ್ರು ಯಾರರ ನಿಮ್ಮ ಗುರ್ತಿನವ್ರು ಅದಾರೇನ್ರಿ?"

ಇಷ್ಟೂ ಮಾತು ನನ್ನ ಬಾಯಿಂದಲೇ ಬಂತು. ಮುಗಿದ ಮೇಲೆ ನಾನೇ ಬೆರಗಾಗಿ ನಿಂತೆ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಮ್ಮ ಬೀಗರದ ಐತಿ, ಕುಷ್ಟಗಿ ರೋಡಿಗೆ" ಎಂದರು ಅಂಗಡಿಯವರು. ಮಗಳನ್ನು ಕೊಟ್ಟ ಮನೆಯವರು. "ನೀ ನಂಬರ್ ಕೊಟ್ಟು ಹೋಗು. ಸಂಜಿಕ ಮಾತಾಡಿ ಹೇಳ್ತೀನಿ."

ಮಾತಾಡಿ ಹೇಳ್ತೀನಿ ಎಂಬುದು ಕಿವಿಗೆ ಬಿದ್ದ ಕೂಡಲೇ ನಾನು ಎಚ್ಚರಾದೆ. "ಸಿಟ್ಟಾಗಬ್ಯಾಡ್ರಿ ಕಾಕಾ. ಈಗ ಹಚ್ರಿ, ನಾ ಇಲ್ಲೇ ನಿಂತಿರ್ತೀನಿ" ಎಂದೆ.

ಅವರು ಒಲೆಯ ಮೇಲಿನ ಹಾಲು ಇಳಿಸಿ, ಕೈ ಒರೆಸಿಕೊಂಡು ಫೋನು ಹಚ್ಚಿದರು. ಆ ಕಡೆಯವರು ಏನು ಕೇಳಿದರೆಂದು ನನಗೆ ಹೇಳದೆಯೇ ಗೊತ್ತಾಯಿತು. ನಮ್ಮ ಕಡೆ ಯಾರನ್ನಾದರೂ ಮೊದಲು ಕೇಳುವುದು ಅದನ್ನೇ. ಯಾರ ಪೈಕಿ? ಅಂಗಡಿಯವರು ನನ್ನನ್ನು ಒಮ್ಮೆ ನೋಡಿದರು. ತಲೆಯ ಮೇಲಿನ ದುಪಟ್ಟಾ, ಎದೆಗೆ ಅವಚಿದ ಫೈಲು.

"ನಮ್ಮ ಪೈಕೀನ ಅಂತ ತಿಳೀರಿ ಬೀಗರ" ಎಂದರು.

ಕಳಿಸಿಕೊಡಿ ಎಂದರಂತೆ ಬೀಗರು. ಶೆಡ್ಡಿಗೆ ಮುಟ್ಟಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಉದ್ದನೆಯ ಮೇಜಿನ ಎರಡೂ ಬದಿ ಹೆಂಗಸರು ಹಣ್ಣು ಆರಿಸುತ್ತಿದ್ದರು. ಮಾಲೀಕರು ದೊಡ್ಡ ಆಳು, ದಪ್ಪ ಮೀಸೆ, ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. "ಬಾರವಾ, ಕುಂದ್ರು" ಎಂದವರೇ ಒಳಗೆ ತಿರುಗಿ ಚಹಾ ತರಲು ಹೇಳಿದರು.

ಕೂತವಳು ಎದ್ದು ನಿಂತೆ. "ಚಹಾ ಬ್ಯಾಡ್ರಿ" ಎಂದೆ.

ಹಣ್ಣು ಆರಿಸುವ ಕೈಗಳು ನಿಂತವು. ನಮ್ಮ ಕಡೆ ಹೀಗೆ ಚಹಾ ಬೇಡ ಎನ್ನುವುದು ಜಗಳಕ್ಕೆ ಬಂದಂತೆ. ಮಾಲೀಕರ ಮುಖ ಬಿಗಿಯಾಯಿತು. "ಯಾಕ? ನಮ್ಮ ಕಡೆ ಚಹಾ ಕುಡಿಯಂಗಿಲ್ಲೇನು?"

"ಹಂಗಲ್ರಿ ಸಾವ್ಕಾರ್ರ. ಗಂಗಾವತ್ಯಾಗ ಮೂರು ಮಿಲ್ಲಿನ್ಯಾಗ ಚಹಾ ಕುಡದು ಬಂದೀನಿ. ಮೂರೂ ಕಡೆ ಕಪ್ ಕೆಳಗಿಟ್ಟ ಮ್ಯಾಲೆ ನೋಡೂಣು, ಫೋನ್ ಮಾಡ್ತೀವಿ ಅಂದ್ರು. ನೀವು ಮೊದಲ ಹೂಂ ಅನ್ರಿ ಇಲ್ಲಾ ಉಹೂಂ ಅನ್ರಿ. ಉಹೂಂ ಅಂದ್ರೂ ನಡೀತೈತಿ, ಆಮ್ಯಾಲ ಕುಂತು ಚಹಾ ಕುಡದ ಹೋಗ್ತೀನಿ."

ಮೇಜಿನ ಕೊನೆಯಲ್ಲಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾಲೀಕರು ನಗಲಿಲ್ಲ. ನನ್ನನ್ನೇ ನೋಡುತ್ತಾ ಮೀಸೆ ಸವರಿಕೊಂಡು, "ನಮ್ಮ ಮಾಲು ದೂರ ಹೋಗೂದ್ರಾಗ ಕೆಲವು ಡಬ್ಬಿ ಕೆಡ್ತಾವ. ಎಲ್ಲಾ ಅಲ್ಲ, ಕೆಲವ ಅಷ್ಟ. ಯಾಕ ಅಂತ ಹೇಳ್ತಿಯೇನು?" ಎಂದರು.

ಪುಸ್ತಕದಲ್ಲಿ ಓದಿದ್ದ ಹತ್ತು ಕಾರಣ ನಾಲಗೆಯ ತುದಿಗೆ ಬಂದವು. ಯಾವುದನ್ನಾದರೂ ಹೇಳಿ ಜಾಣೆ ಅನ್ನಿಸಿಕೊಳ್ಳಬಹುದಿತ್ತು. ಆದರೆ ಬೆಳಗಿನಿಂದ ಅಷ್ಟು ಅಲೆದು ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ.

"ಇಲ್ಲಿ ನಿಂತ ಹೇಳಾಕ ಬರಂಗಿಲ್ರಿ. ತೊಳಿಯೂ ನೀರು ನೋಡ್ಬೇಕು, ಒಣಗ್ಸೂದು ನೋಡ್ಬೇಕು, ಲಾರಿಗೆ ಹೆಂಗ ತುಂಬ್ತೀರಿ ನೋಡ್ಬೇಕು. ಎರಡು ತಿಂಗಳು ಇಲ್ಲೇ ಇದ್ದು ನೋಡಿದ್ರ ಹೇಳ್ತೀನಿ."

"ಹೂಂ" ಎಂದರು ಅವರು. ಕುರ್ಚಿ ತೋರಿಸಿ, "ನಾ ಹೂಂ ಅಂದೆ. ಇನ್ನ ಕುಂತು ಚಹಾ ಕುಡಿ."

ಅಂಥ ಚಹಾ ನಾನು ಕುಡಿದಿಲ್ಲ. ಸಕ್ಕರೆ ಜಾಸ್ತಿ, ಮೇಲೆ ಕೆನೆ. ಒಂದು ಗುಟುಕೂ ಬಿಡದೆ ಕುಡಿದೆ. ಅಲ್ಲೇ ಮೇಜಿನ ಮೇಲೆ ಸಹಿ ಮಾಡಿದರು, ಮುದ್ರೆ ಒತ್ತಿದರು. ಸೋಮವಾರದಿಂದ ಬಾ ಎಂದರು. ಕುಷ್ಟಗಿಯಲ್ಲಿ ಅವ್ವನ ತವರಿನವರಿದ್ದರು, ಇರುವುದಕ್ಕೆ ಚಿಂತೆ ಇರಲಿಲ್ಲ. ಹೊರಗೆ ಬಂದು ರಸ್ತೆ ಬದಿ ನಿಂತು ಮೊದಲು ಆಶಾ ಅಕ್ಕನಿಗೆ ಫೋನು ಮಾಡಿದೆ.

"ಸಿಕ್ತ್ರಿ ಅಕ್ಕಾರ" ಎಂದೆ.

"ಏನು ಸಿಕ್ತು? ಫೈಲೋ, ಕೆಲಸೋ?"

"ಎರಡೂ ಸಿಕ್ವುರಿ. ಕೆಲಸ ನಾನ ಕೇಳಿದೆ."

"ಮತ್ತ? ನಿಮ್ಮಪ್ಪ ಕೇಳ್ತಾನೇನು" ಎಂದು ನಕ್ಕರು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಆ ಮಾತು ಮುಗಿಯುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಮನೆಗೆ ತಿಳಿಸಲಾಗಲಿಲ್ಲ.

ಕುಷ್ಟಗಿಗೆ ಬಂದು, ಕನಕಗಿರಿ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಗಂಗಾವತಿಗೆ ಇಳಿದಾಗ ದೀಪ ಹಚ್ಚುವ ಹೊತ್ತು. ನಡುಮನೆಯಲ್ಲಿ ಅವ್ವ ಅರಳೆ ಹರವುತ್ತಿದ್ದಳು, ಅಪ್ಪ ಗೋಡೆಗೆ ಒರಗಿ ಕೂತಿದ್ದ. ತಂಗಿ ದಬ್ಬಣ ಹಿಡಿದು ದೊಡ್ಡ ಗಾದಿಯೊಂದರ ಅಂಚು ಹೊಲಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಪತ್ರ ತೋರಿಸಿದೆ. ಅವ್ವ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಕೆ ತೆಗೆದಳು. ಅಪ್ಪ ಪತ್ರವನ್ನು ದೀಪದ ಹತ್ತಿರ ಹಿಡಿದು ಮುದ್ರೆಯನ್ನು ಬಹಳ ಹೊತ್ತು ನೋಡಿದ.

ತಂಗಿ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು. ಖುಷಿಯಾಗಲಿಲ್ಲವೇನೇ ಎಂದು ಕೇಳಲು ಹತ್ತಿರ ಹೋದಾಗ ನನ್ನ ಕಣ್ಣು ಆ ಬಟ್ಟೆಯ ಮೇಲೆ ಬಿತ್ತು. ಗಿರಾಕಿಗಳಿಗೆ ಹಾಕುವ ಬಟ್ಟೆ ಅದಾಗಿರಲಿಲ್ಲ. ಅವ್ವ ಟ್ರಂಕಿನಲ್ಲಿ ತೆಗೆದಿಟ್ಟಿದ್ದ ಕೆಂಪು ಹೂವಿನ ಬಟ್ಟೆ. ನಮ್ಮಲ್ಲಿ ಮಗಳಿಗೆ ಸಂಬಂಧ ಕೇಳಿಕೊಂಡು ಬಂದ ಮೇಲೆ ಮಾತ್ರ ಆ ಬಟ್ಟೆ ಕತ್ತರಿಸುತ್ತಾರೆ. ಇಬ್ಬರು ಮಲಗುವ ಅಗಲದ ಗಾದಿ. ಅರ್ಧಕ್ಕಿಂತ ಹೆಚ್ಚು ಹೊಲಿದಾಗಿತ್ತು.

ನಾನು ಅವ್ವನ ಕಡೆ ನೋಡಿದೆ. "ಕೇಳ್ಕೊಂಡು ಬಂದಿದ್ರು" ಎಂದಳು ಅವ್ವ, ಮೆಲ್ಲಗೆ. "ನಿಂದು ಆಗ್ಲಿಲ್ಲಂದ್ರ ತಿಂಗಳ ಮುಗದ ಮ್ಯಾಲೆ ಬರ್ರಿ ಅಂದಿದ್ವಿ. ನಿನಗ ಹೇಳಬ್ಯಾಡ ಅಂತ ಇಕೀನ ಆಣಿ ಹಾಕಿದ್ಲು. ಅಕ್ಕ ಹೆದರ್ತಾಳ ಅಂದ್ಲು."

ಮೂರು ಮಿಲ್ಲು ಸುತ್ತಿ ನಾನು ಸಿಟ್ಟು ಮಾಡಿಕೊಂಡು ಬಂದು ಮಲಗುತ್ತಿದ್ದ ದಿನಗಳಲ್ಲಿ ಅವಳು ಪಕ್ಕದ ಕೋಣೆಯಲ್ಲಿ ಕೂತು ತನ್ನ ಗಾದಿ ತಾನೇ ಹೊಲಿಯುತ್ತಿದ್ದಳು. ಅವಳ ಪಕ್ಕ ಕೂತೆ. ಆಗ ಅವಳು ದಬ್ಬಣ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಈ ಗಾದಿ ಏನ ಮಾಡೂದು?" ಎಂದಳು.

ಅಪ್ಪ ಪತ್ರ ಮಡಚಿ ನನ್ನ ಕೈಗೆ ಕೊಟ್ಟ. ಎದ್ದು ಬಂದು ಗಾದಿಯ ಅಗಲವನ್ನು ಗೇಣು ಹಾಕಿ ನೋಡಿದ.

"ಹಾಸ್ಟೆಲ್ ಮಂಚಕ್ಕ ಅಗಲ ಭಾಳ ಆತು" ಎಂದ. "ಬಿಚ್ಚಿ ಒಬ್ಬರದು ಮಾಡು."

ಅವಳು ಕತ್ತರಿ ತೆಗೆದುಕೊಂಡು ಒಂದು ಬದಿಯಿಂದ ಹೊಲಿಗೆ ಬಿಚ್ಚತೊಡಗಿದಳು. ನಾನು ಇನ್ನೊಂದು ಬದಿಗೆ ಕೂತೆ.